ಮರಕ್ಕೆ ಒತ್ತಿದ ಅಂಗೈ

ಪೆರಂಬೂರಿನ ಅಂಬುಜಮ್ಮ ಪಿಯಾನೋ ಕಲಿತದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ, ಅಕ್ಕ ಕಲಾವತಿಯ ಪಕ್ಕದಲ್ಲಿ ಕೂತು. ಅಕ್ಕ ಚಿಕ್ಕ ವಯಸ್ಸಿಗೇ ತೀರಿಕೊಂಡಳು. ಅಂಬುಜಮ್ಮ ಚರ್ಚು, ಹೋಟೆಲು ಎನ್ನದೆ ನುಡಿಸಿದರು, ಆಮೇಲೆ ಅರ್ಧ ಪೆರಂಬೂರಿಗೆ ಪಾಠ ಹೇಳಿದರು. ಕಿವಿ ಪೂರ್ತಿ ಹೋದ ಮೇಲೂ ಬಿಡಲಿಲ್ಲ. ಪಿಯಾನೋದ ಮರಕ್ಕೆ ಅಂಗೈ ಒತ್ತಿ, ಅದರ ನಡುಕದಲ್ಲೇ ಮಕ್ಕಳ ತಪ್ಪು ಹಿಡಿಯುತ್ತಿದ್ದರು.

ಆ ಸಂಜೆ ಶಿಷ್ಯೆ ಶ್ರೀಪ್ರಿಯಾ ಬಂದು ಕೂತಳು. ಅಂಬುಜಮ್ಮ ಅಂಗೈ ಇಟ್ಟವರೇ ಗದರಿದರು: “ಎಡಗೈ ಮುಂದೆ ಓಡ್ತಿದೆ. ನಿಧಾನ.”

ಹುಡುಗಿ ಬೆರಳು ಮಾಡಿ ತೋರಿಸಿದಳು. ಪಿಯಾನೋದ ಮುಚ್ಚಳವನ್ನು ಅವಳಿನ್ನೂ ತೆಗೆದೇ ಇರಲಿಲ್ಲ.

ಅಂಬುಜಮ್ಮ ಕೈ ಹಿಂದೆಗೆಯಲಿಲ್ಲ. ಎಷ್ಟು ಬೈಸಿಕೊಂಡರೂ ಆ ತಪ್ಪನ್ನು ತಿದ್ದಿಕೊಳ್ಳದೆ ಹೋದವಳು ಒಬ್ಬಳೇ.

“ಸ್ವಲ್ಪ ಇರಮ್ಮಾ,” ಎಂದರು. “ನಮ್ಮಕ್ಕ ಮುಗಿಸಲಿ.”