ಅತ್ತೆಯರ ನೆಟ್‌ವರ್ಕು

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಶಾಖೆಗಳಿರುವ ಗೊಬ್ಬರದ ಅಂಗಡಿಯೊಂದರ ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತಾಡಿಸುವುದು ಓಂಕಾರೇಶನ ಕೆಲಸ. ನೆಟ್‌ವರ್ಕಿನಲ್ಲಿ ಪ್ರತಿ ಕಂಪ್ಯೂಟರಿಗೂ ಅಂಕಿಗಳ ವಿಳಾಸವೊಂದಿರುತ್ತದೆ. ಕರೆಂಟು ಹೋಗಿ ಬಂದರೆ ಅದು ಬದಲಾಗಿಬಿಡುತ್ತದೆ. "ನಂಬರ್‌ನ ನಂಬಂಗಿಲ್ಲ ಕಣ್ರೀ, ಹೆಸರಿಟ್ಟು ಕರೀಬೇಕು" ಎನ್ನುವ ಓಂಕಾರೇಶ ಅವಕ್ಕೆಲ್ಲ ತನ್ನ ಸೋದರತ್ತೆಯರ ಹೆಸರಿಟ್ಟಿದ್ದಾನೆ. ಮದುವೆಮನೆಯ ಪಂಕ್ತಿಯಲ್ಲಿ ಕೂತು ಫೋನಿನಲ್ಲಿ, "ಸುಮನತ್ತೆ ಬಿಸಿಯಾಗಿದಾಳಾ? ಫ್ಯಾನ್ ಕಡೆ ತಿರುಗ್ಸಿ, ಬೆನ್ನಿನ ಧೂಳು ಒರೆಸಿ" ಎಂದು ಅವನು ಕೂಗಿದರೆ ಪಕ್ಕದವರು ಅನ್ನ ಕಲಸುವುದನ್ನೇ ನಿಲ್ಲಿಸುತ್ತಾರೆ. ಕಳೆದ ತಿಂಗಳು ಬೀರೂರಿನ ಬಸ್ಸಿನಲ್ಲಿದ್ದಾಗ ಅಜ್ಜಂಪುರದ ಕಂಪ್ಯೂಟರು ಕೆಟ್ಟುಹೋಯಿತೆಂದು ಫೋನು ಬಂತು. "ತೀರ್ಥಮ್ಮತ್ತೆ ಹೋಗೇಬಿಟ್ಲಾ? ಇನ್ನೇನೂ ಮಾಡಕ್ಕಾಗಲ್ಲ, ಎತ್ತಿ ಹೊರಗಿಡಿ" ಎಂದ. ಹಿಂದಿನ ಸೀಟಿನಲ್ಲಿ ನೆಂಟರೊಬ್ಬರಿದ್ದರು. ಸಂಜೆಯೊಳಗೆ ಬಳಗವೆಲ್ಲ ಹಾರ ಹಿಡಿದುಕೊಂಡು ಅಜ್ಜಂಪುರದ ಅತ್ತೆಯ ಮನೆಮುಂದೆ ನಿಂತಿತ್ತು. ಬಾಗಿಲು ತೆಗೆದವಳು ತೀರ್ಥಮ್ಮನೇ. ಮರುದಿನ ಓಂಕಾರೇಶ ಬೈಸಿಕೊಳ್ಳಲು ಸಿದ್ಧನಾಗಿ ಹೋಗಿ ಅವಳ ಕಾಲಿಗೆ ಬಿದ್ದ, ಹೊಸದಾಗಿ ತರುವ ಕಂಪ್ಯೂಟರಿಗೆ ಬೇರೆ ಹೆಸರಿಡುತ್ತೇನೆಂದ. "ಬ್ಯಾಡ ಕಣೋ" ಎಂದಳು ಅತ್ತೆ, ಇನ್ನೂ ಬಾಡದ ಹಾರವೊಂದನ್ನು ಬಾಗಿಲಿಗೆ ಕಟ್ಟುತ್ತ. "ನಿಮ್ಮಾವ ಹೋದ್ಮೇಲೆ ಈ ಮನೇಲಿ ಇಷ್ಟು ಜನ ಕೂತು ಉಂಡಿರ್ಲಿಲ್ಲ. ಹೊಸದು ಕೆಡೋ ಹಂಗಿದ್ರೆ ಹಿಂದಿನ ದಿನಾನೇ ಹೇಳು, ಹೋಳಿಗೆಗೆ ಹೂರಣ ರುಬ್ಕೊಂಡಿರ್ತೀನಿ."