ಹೊಸ್ತಿಲು ದಾಟಿದ ವೈರು

ಧಾರವಾಡದಲ್ಲಿ ಕಾಲೇಜು ಓದುವಾಗ ನಾನೂ ನನ್ನ ಗೆಳೆಯನೂ ಹಾಸ್ಟೆಲಿನಲ್ಲಿ ಒಂದೇ ತಾಟಿನಲ್ಲಿ ರೊಟ್ಟಿ ಮುರಿದವರು. ಅವನು ಸಂಶಿ ಕಡೆಯ ದೊಡ್ಡ ಹೊಲಮನೆಯ ಹುಡುಗ, ಮನೆಮಂದಿಯೆಲ್ಲ ಹಣೆತುಂಬ ವಿಭೂತಿ ಹಚ್ಚುವವರು. ನಮ್ಮದು ಗುಡಗೇರಿ ಹತ್ತಿರದ ಹಳ್ಳಿ. ಅಪ್ಪ ಬೌದ್ಧನಾಗಿ ಎಷ್ಟೋ ವರ್ಷಗಳಾಗಿದ್ದರೂ ಊರವರ ಬಾಯಲ್ಲಿ ನಾವು ಇನ್ನೂ ಕೇರಿಯವರೇ. ಆ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದದ್ದಿಲ್ಲ. "ನನ್ನ ಮದುವ್ಯಾಗ ನೀ ನನ್ನ ಬಾಜೂಕನ ನಿಂದರಬೇಕ ನೋಡಲೇ" ಅನ್ನುತ್ತಿದ್ದ. ನಾನು ನಂಬಿದ್ದೆ. ಎಂಥ ದಡ್ಡ ನಾನು.

ಓದು ಮುಗಿದ ಮೇಲೆ ಹುಬ್ಬಳ್ಳಿಯ ವಿಡಿಯೋ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ಮಾಲಕರು ಮುಚ್ಚಿಹೋದ ಯಾವುದೋ ಕಾರ್ಖಾನೆಯ ಹರಾಜಿನಿಂದ ಒಂದು ವಿಚಿತ್ರ ಕ್ಯಾಮೆರಾ ತಂದಿದ್ದರು. ಗೇಟಿನ ಕಾವಲಿಗೆ ಇಟ್ಟಿದ್ದುದಂತೆ. ಅದರ ಬುಡಕ್ಕೆ ಸಣ್ಣ ಮೋಟಾರು, ಅಲ್ಲಿಂದ ಉದ್ದದ ಕರಿ ವೈರು, ವೈರಿನ ತುದಿಗೆ ಗುಂಡಿಗಳ ಡಬ್ಬಿ. ಎಲ್ಲೋ ಕೂತು ಗುಂಡಿ ಒತ್ತಿದರೆ ಕ್ಯಾಮೆರಾ ಎಡಕ್ಕೋ ಬಲಕ್ಕೋ ಕತ್ತು ತಿರುಗಿಸುತ್ತಿತ್ತು. ಕಂಡದ್ದೆಲ್ಲ ನಮ್ಮೆದುರಿನ ಟಿವಿಯಲ್ಲಿ ಮೂಡಿ ಟೇಪಿಗೆ ಇಳಿಯುತ್ತಿತ್ತು.

ಗೆಳೆಯ ಅಂಗಡಿಗೇ ಬಂದು ಕರೆದ. "ಮದುವಿಗೆ ನೀ ಬರಾಕ ಬೇಕು. ಆ ತಿರುಗೂ ಕ್ಯಾಮೆರಾನೂ ಬೇಕಂತ ನಿಮ್ಮ ಮಾಲಕರಿಗೆ ಹೇಳೇನಿ." ನನ್ನ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ. ಮದುವೆಗೆಂದು ಹೊಸ ಅಂಗಿ ಹೊಲಿಸಿದೆ.

ಮದುವೆಯ ದಿನ ಮಾಲಕರು ಗೆಳೆಯನ ಮನೆಯ ಪಡಸಾಲೆಯ ಕಪಾಟಿನ ಮೇಲೆ ಕ್ಯಾಮೆರಾ ಕೂಡಿಸಿದರು. ನಾನು ವೈರಿನ ಸುರುಳಿ ಹಿಡಿದು ಹೊಸ್ತಿಲಿಗೆ ಬಂದೆ. ಗೆಳೆಯನ ಕಾಕಾ ಅಡ್ಡ ನಿಂತರು.

"ತಮ್ಮಾ, ನೀ ಅಲ್ಲೇ ನಿಂದ್ರು. ವೈರ್ ಉದ್ದ ಐತೆಲ್ಲ, ಹೊರಗ ಶೆಡ್ಡಿನಾಗ ಕುಂತ ಮಾಡು." ಆಮೇಲೆ ಮಾಲಕರ ಕಡೆ ತಿರುಗಿ, "ಅಗದಿ ಚಲೋ ಮಷೀನ್ ತಂದೀರಿ ಬಿಡ್ರಿ. ಒಳಗ ಬರದನ ಒಳಗಿನ ಕೆಲಸ ಆಕ್ಕೈತಿ. ಅವಂಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ" ಅಂದರು.

ಮಾಲಕರು ನಕ್ಕರು. ಕಾಕಾನ ಹಿಂದೆಯೇ ಮದುಮಗ ನಿಂತಿದ್ದ, ಬಾಸಿಂಗ ಕಟ್ಟಿಕೊಂಡು. ಎಲ್ಲ ಕೇಳಿಸಿಕೊಂಡಿದ್ದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಈಗ ಅಂದಾನು, ಈಗ ಅಂದಾನು ಎಂದು.

"ಎಡಕ್ಕ ಸ್ವಲ್ಪ ಹೆಚ್ಚ ತಿರುಗಸಲೇ. ಹೆಣ್ಣಿನ ಕಡ್ಯಾವ್ರು ಅಲ್ಲೇ ಕುಂದರತಾರ" ಅಂದ. ಅಷ್ಟೇ.

ಆ ಕರಿ ವೈರಿಗೆ ಹೊಸ್ತಿಲು ದಾಟುವ ಹಕ್ಕಿತ್ತು, ನನಗಿರಲಿಲ್ಲ. ಇಂದಿಗೂ ಹೊಟ್ಟೆ ಉರಿಯುತ್ತದೆ.

ಬೇಸಾಯದ ಕೂರಿಗೆ, ಕುಂಟೆ ಪೇರಿಸಿದ ಶೆಡ್ಡಿನಲ್ಲಿ ಟಿವಿ ಇಟ್ಟುಕೊಂಡು ಕೂತೆ. ಅಕ್ಷತೆ ಹಂಚುತ್ತ ಬಂದ ಹೆಣ್ಣುಮಗಳೊಬ್ಬಳು ಎತ್ತರದಿಂದ ನನ್ನ ಅಂಗೈಗೂ ಒಂದಿಷ್ಟು ಉದುರಿಸಿ ಹೋದಳು. ಟಿವಿಯಲ್ಲಿ ಗೆಳೆಯನ ಬಾಜೂಕ್ಕೆ ಅವನ ಸೋದರಮಾವನ ಮಗ ನಿಂತಿದ್ದ. ತಾಳಿ ಕಟ್ಟುವಾಗ ಕ್ಯಾಮೆರಾವನ್ನು ಗೋಡೆಗೆ ತಿರುಗಿಸಿಬಿಡಬಹುದಿತ್ತು. ಒಂದೇ ಗುಂಡಿಯ ಕೆಲಸ. ಮಾಡಲಿಲ್ಲ. ಏನೇ ಆದರೂ ಗೆಳೆಯನಲ್ಲವೇ? ಎಲ್ಲರೂ ಅಕ್ಷತೆ ಹಾಕಿದಾಗ ನಾನೂ ಹಾಕಿದೆ, ಟಿವಿಯ ಮೇಲೆ. ಕಾಳುಗಳು ಗಾಜಿಗೆ ಬಡಿದು ನೆಲಕ್ಕೆ ಬಿದ್ದವು.

ಮುಂದೆ ಅವನು ಹುಬ್ಬಳ್ಳಿಯಲ್ಲಿ ಮನೆ ಮಾಡಿದ. ಒಂದು ಮಧ್ಯಾಹ್ನ ಟೇಪಿನ ಪ್ರತಿ ಕೊಡಲು ಹೋದೆ. ಕೂಡಿಸಿದ, ಚಹಾ ಕೊಡಿಸಿದ, ಹಾಸ್ಟೆಲಿನ ಸುದ್ದಿ ತೆಗೆದು ನಗಿಸಿದ. ಆ ದಿನದ್ದು ಕಾಕಾನ ತಪ್ಪು, ಇವನದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕೂತಿದ್ದೆ. ಟೇಪು ಓಡುತ್ತಿತ್ತು. ಅವನ ಹೆಂಡತಿ ಕೊನೆಯವರೆಗೂ ನೋಡಿ ಕೇಳಿದಳು, "ಇವರು ಎಲ್ಲೂ ಕಾಣವಲ್ಲರಲ್ಲ. ನಮ್ಮ ಮದುವಿಗೆ ಬಂದಿರಲಿಲ್ಲೇನ್ರಿ?"

ಅವನು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ, "ಬಂದಿದ್ನಲ್ಲ. ಕೆಲಸಕ್ಕ ಬಂದಿದ್ದ."