ಸ್ಪೀಕರಿನ ಹಸಿರು ದೀಪ

ನನ್ನ ಹೆಂಡತಿ ತೀರಿಕೊಂಡ ಎರಡು ತಿಂಗಳ ಮೇಲೆ ನಾನು ಅವಳ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಕೂತೆ. ದುಃಖದಲ್ಲಿರುವವರು ಇಂಥ ಕೆಲಸಕ್ಕೆ ಕೈ ಹಾಕುತ್ತಾರೆಯೇ ಎಂದು ಯಾರಾದರೂ ಕೇಳಬಹುದು. ದುಃಖ ಅನ್ನುವುದು ನನಗಿನ್ನೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಬರಲಿಲ್ಲ, ಮಣ್ಣು ಕೊಡುವಾಗಲೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಹೇಗಿರುತ್ತದೋ ಇಡೀ ಮೈ ಹಾಗಿತ್ತು. ಇತ್ತು, ಆದರೆ ನನ್ನದಾಗಿರಲಿಲ್ಲ.

ಖಾಸಬಾಗದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅವಳು ಹೋದ ಮೂರನೇ ದಿನವೇ ಅದರ ಬಾಗಿಲು ತೆಗೆದೆ. ನಾವು ಲಿಂಗಾಯತರು, ಶರಣರ ದಾರಿಯವರು, ನಮಗೆ ಸೂತಕ ಗೀತಕ ಇಲ್ಲ ಎಂದು ಮಾತಾಡಿಸಲು ಬಂದವರಿಗೆಲ್ಲ ಬಾಗಿಲಲ್ಲೇ ಭಾಷಣ ಬಿಗಿದಿದ್ದೆ. ಬೀಡಿ ಎಂಬ ಊರಿನಿಂದ ಬಂದು ಒಂದು ತಿಂಗಳು ನಮ್ಮ ಮಹಾಂತೇಶ ನಗರದ ಮನೆಯಲ್ಲಿದ್ದ ನನ್ನ ಅಕ್ಕ ಅದನ್ನು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ಟಿವಿ ರಿಮೋಟು ಮಾತ್ರ ಎಲ್ಲೋ ಮಾಯವಾಯಿತು. ಅಕ್ಕ ಊರಿಗೆ ಮರಳಿದ ಮೇಲೆ ಕಪಾಟಿನ ಮೇಲೆ ಕರವಸ್ತ್ರದಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಧೂಳು ಹಿಡಿಯಬಾರದೆಂದು ಇಟ್ಟಿರಬೇಕು ಎಂದುಕೊಂಡೆ.

ನನ್ನ ಹೆಂಡತಿ ಖಾನಾಪುರದಾಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಅಲ್ಲಿಯ ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡುವವರು, ಶಾಲೆ ಬಿಟ್ಟರೆ ಕನ್ನಡ ಅವರ ಕಿವಿಗೆ ಬೀಳುವುದು ಕಡಿಮೆ. ಅದಕ್ಕೆಂದೇ ಇವಳು ಪ್ರತಿ ಭಾನುವಾರ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಮೈಕ್ ಇಟ್ಟುಕೊಂಡು ಮುಂದಿನ ವಾರದ ಪಾಠ ಓದಿ, ರೆಕಾರ್ಡ್ ಮಾಡಿ, ಮಕ್ಕಳ ತಾಯಂದಿರ ಫೋನಿಗೆ ಕಳಿಸುತ್ತಿದ್ದಳು. ಒಂದು ಭಾನುವಾರ ಹಾಗೆ ಓದಿ ಎದ್ದವಳು ತಲೆನೋವು ಎಂದು ಮಲಗಿದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೂರನೇ ದಿನ ಹೋದಳು.

ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದ್ದರು. “ಕೊನೀಗೆ ಮಾಡಿದ್ದ ಪಾಠ ನಮಗ ಮುಟ್ಟಿಲ್ರಿ ಸರ್. ಇದ್ರ ಕಳಿಸ್ರಿ, ಹುಡುಗುರು ಕೇಳಾಕತ್ತಾವು. ಈಚೀಚೆಗೆ ಟೀಚರ್ ದನಿ ಭಾಳ ಸಣ್ಣ ಬರ್ತಿತ್ತು, ಫೋನ್ ಕಿವಿಗೆ ಹಚಗೊಂಡು ಕೇಳ್ತಿದ್ವು. ಆದ್ರೂ ಅದs ಬೇಕಂತ ಅವಕ್ಕ.”

“ನಾ ಒಮ್ಮೆ ಕೇಳಿ ಕಳಿಸ್ತೀನ್ರಿ” ಎಂದೆ. ನಾನು ನನ್ನೊಡನೆಯೇ ಒಂದು ಕರಾರು ಮಾಡಿಕೊಂಡಿದ್ದೆ. ಅವಳ ದನಿ ಕೇಳಿದರೆ ಅಳು ಬರುತ್ತದೆ. ಬರಲೇಬೇಕು. ಅದನ್ನು ಕೇಳಿಯೂ ಬರಲಿಲ್ಲವೆಂದರೆ ಇಪ್ಪತ್ತೆರಡು ವರ್ಷ ಅವಳ ಜೊತೆ ಬಾಳಿದವನು ಎಂಥ ಮನುಷ್ಯ ಎಂಬುದು ಗೊತ್ತಾದಂತಾಯಿತು. ಅದು ಗೊತ್ತಾಗುವುದಕ್ಕೆ ನನಗೆ ನಿಜಕ್ಕೂ ಹೆದರಿಕೆಯಿತ್ತು.

ಕಂಪ್ಯೂಟರ್ ಚಾಲೂ ಮಾಡಿದರೆ ಮೊದಲು ಕಂಡದ್ದು ಒಂದು ಎಚ್ಚರಿಕೆ. ಈ ಹಳೆಯ ವಿಂಡೋಸ್‌ಗೆ ಇನ್ನು ಮುಂದೆ ಅಪ್‌ಡೇಟ್ ಇಲ್ಲ, ಹೊಸದನ್ನು ಹಾಕಲು ಈ ಯಂತ್ರ ಲಾಯಕ್ಕಿಲ್ಲ. ಅದನ್ನು ಹೇಳುವುದಕ್ಕೇ ಅದು ಹತ್ತು ನಿಮಿಷ ತೆಗೆದುಕೊಂಡಿತು. ನನಗೆ ಸಿಟ್ಟು ಬೇಗ ಬರುತ್ತದೆ, ಆ ದಿನಗಳಲ್ಲಿ ಬರುತ್ತಿದ್ದದ್ದು ಅದೊಂದೇ. ಅವಳ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಹಳೆಯದನ್ನೆಲ್ಲ ಅಳಿಸಿ, ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬರೆದಂತೆ ವಿಂಡೋಸ್ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಇಲ್ಲೇ ತಪ್ಪಿದೆ. ನಮ್ಮ ಕಸುಬಿನಲ್ಲಿ ಗಿರಾಕಿ ಬಂದು ಕೂತರೆ ಮೊದಲು ಅವರ ಹಳೆಯ ಕನ್ನಡಕ ಇಸಿದುಕೊಂಡು, ಒರೆಸಿ, ಅದರ ನಂಬರ್ ನೋಡುತ್ತೇವೆ. ಹಳೆಯದರಲ್ಲಿ ಏನು ಕಾಣುತ್ತಿತ್ತು ಎಂದು ತಿಳಿಯದೆ ಹೊಸದನ್ನು ಕೊಡುವುದಿಲ್ಲ. ಹಳೆಯ ವಿಂಡೋಸ್‌ನಲ್ಲಿ ಅವಳ ಮೇಜಿನ ಸ್ಪೀಕರು ದನಿ ಮಾಡುತ್ತಿತ್ತೇ ಎಂದು ನಾನು ನೋಡಲೇ ಇಲ್ಲ.

ಲಿನಕ್ಸ್ ಬಂತು, ಆದರೆ ಪರದೆ ಮಬ್ಬು. ಅಕ್ಷರಗಳು ದಪ್ಪ, ಅಂಚು ಹರಿದಂತೆ, ಪೊರೆ ಬಂದ ಕಣ್ಣಿಗೆ ಕಂಡ ಹಾಗೆ. ಕನ್ನಡಕ ಮಾರುವವನ ಮನೆಯಲ್ಲೇ ಇಂಥ ಮಬ್ಬು ಎಂದರೆ ಮರ್ಯಾದೆಯ ಪ್ರಶ್ನೆ. ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಡ್ರೈವರ್ ಇಲ್ಲವೆಂದು ಗೊತ್ತಾಯಿತು. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ಆಡಿಸುವ ದುಭಾಷಿ ಅದು. ಒಂದನ್ನು ಹಾಕಿ ಮತ್ತೆ ಚಾಲೂ ಮಾಡಿದೆ, ಪರದೆ ಪೂರ್ತಿ ಕಪ್ಪಾಯಿತು. ಮೂಲೆಯಲ್ಲಿ ಒಂದು ಸಣ್ಣ ಗೆರೆ ಕಣ್ಣು ಮಿಟುಕಿಸುತ್ತಿತ್ತು, ಅಷ್ಟೇ. ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರೇನೋ. ನಾನು ದಿನವಿಡೀ ಮಂದಿಯ ಮೂಗಿನ ಮೇಲೆ ಒಂದೊಂದೇ ಗಾಜು ಇಟ್ಟು “ಇದು ಚೊಲೊ ಕಾಣ್ತದೋ, ಇದೋ?” ಎಂದು ಕೇಳುವವನು. ಒಂದು ಸಲಕ್ಕೆ ಒಂದೇ ಬದಲು, ಒಂದೇ ಪ್ರಶ್ನೆ. ಹಾಗೆಯೇ ಮಾಡಿದೆ. ಚಾಲೂ ಆಗುವ ಮುಂಚಿನ ಪಟ್ಟಿಯಲ್ಲಿ ಒಂದು ಪದ ಸೇರಿಸಿ ಹೇಗೋ ಒಳಗೆ ಹೊಕ್ಕು, ಆ ಡ್ರೈವರ್ ಕಿತ್ತು, ಅದಕ್ಕಿಂತ ಹಳೆಯದನ್ನು ಹಾಕಿದೆ. ಎರಡು ಭಾನುವಾರ ಹೋದವು. ಎರಡನೆಯ ಸಂಜೆಯ ಹೊತ್ತಿಗೆ ಪರದೆ ತೊಳೆದಿಟ್ಟಂತೆ ಸ್ವಚ್ಛವಾಯಿತು. ಖುಷಿಪಡಬೇಕಿತ್ತು. ಎದ್ದು ಹೋಗಿ ಚಹಾ ಮಾಡಿಕೊಂಡು ಕುಡಿದೆ.

ಆಮೇಲೆ ಸೌಂಡ್. ಅವಳ ಫೈಲೊಂದನ್ನು ಒತ್ತಿದೆ, ಏನೂ ಇಲ್ಲ. ಮೇಜಿನ ಎರಡು ಬದಿಗೆ ಗೋಡೆಗೆ ಬೆನ್ನು ಹಚ್ಚಿ ನಿಂತ ಕರಿಯ ಸ್ಪೀಕರುಗಳಲ್ಲಿ ಒಂದರ ಎದೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ದೀಪ ಇದ್ದಮೇಲೆ ಸ್ಪೀಕರಿನದೇನೂ ತಪ್ಪಿಲ್ಲ ಎಂದು ಅದನ್ನು ಖುಲಾಸೆ ಮಾಡಿಬಿಟ್ಟೆ. ಹುಡುಕಿದಾಗ ಲಿನಕ್ಸ್ ದನಿಯನ್ನು ಸ್ಪೀಕರಿಗೆ ಬಿಟ್ಟು ಮಾನಿಟರಿಗೆ ಕಳಿಸುತ್ತಿದ್ದದ್ದು ಕಂಡಿತು. ಆ ಮಾನಿಟರಿಗೆ ಬಾಯಿಯೇ ಇಲ್ಲ. ದಾರಿ ತಿದ್ದಿದೆ. ಮತ್ತೆ ನೋಡಿದರೆ ಒಳಗಿನ ಒಂದು ಮಾರ್ಗ ಮುಚ್ಚಿತ್ತು, ತೆರೆದೆ. ಸೌಂಡ್ ಡ್ರೈವರನ್ನು ಕಿತ್ತು ಮತ್ತೆ ಹಾಕಿದೆ. ಇಂಟರ್ನೆಟ್ಟಿನ ಫೋರಮ್ಮಿನಲ್ಲಿ ನನ್ನ ತೊಂದರೆ ಬರೆದೆ, ಯಾವುದೋ ದೇಶದಲ್ಲಿ ಕೂತ ಯಾರೋ ತಾಳ್ಮೆಯಿಂದ ಉತ್ತರಿಸಿದರು. ಅವರು ಹೇಳಿದ್ದೆಲ್ಲ ಮಾಡಿದೆ. ಸದ್ದಿಲ್ಲ.

ಆದರೆ ಪರದೆಯ ಮೇಲೆ ಒಂದು ಪಟ್ಟಿ ಕುಣಿಯುತ್ತಿತ್ತು. ದನಿ ಎಷ್ಟಿದೆ ಎಂದು ತೋರಿಸುವ ಪಟ್ಟಿ. ಅವಳು ಮಾತಾಡುವಾಗ ಏರುತ್ತಿತ್ತು, ಉಸಿರು ತೆಗೆದುಕೊಳ್ಳುವಾಗ ಇಳಿಯುತ್ತಿತ್ತು, ಪುಟ ಮಗುಚುವಾಗ ಒಮ್ಮೆ ಸಣ್ಣಗೆ ನಡುಗುತ್ತಿತ್ತು. ನಾನು ಕಣ್ಣಿನ ಕಸುಬಿನವನು, ನೋಡುವುದು ನನಗೆ ಸಲೀಸು. ದಿನಾ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಊಟ ಬಿಟ್ಟು, ಆ ಪಟ್ಟಿ ನೋಡುತ್ತ ಕೂಡುತ್ತಿದ್ದೆ. ವಾರಗಟ್ಟಲೆ ಹಾಗೆ ಮಾಡಿದೆ.

ಫೈಲನ್ನು ಫೋನಿಗೆ ಹಾಕಿಕೊಂಡು ಕೇಳಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಇಯರ್‌ಫೋನ್ ಹಚ್ಚಿ ನೋಡಬಹುದಿತ್ತು, ಅದು ಹೊಳೆಯದಂತೆ ನಾನೇ ನೋಡಿಕೊಂಡೆ. ಅವಳ ಮೇಜಿನ ಮುಂದೆ ಕೂತು, ಅವಳ ಸ್ಪೀಕರಿನಿಂದಲೇ ಕೇಳಬೇಕು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಹೇಳುತ್ತೇನೆ, ದನಿ ಬರದೇ ಇದ್ದದ್ದು ನನಗೆ ಅನುಕೂಲವಾಗಿತ್ತು. ಡ್ರೈವರ್ ಕೆಟ್ಟಿದೆ ಎನ್ನುವವರೆಗೆ ಅವಳ ದನಿ ಎಲ್ಲೂ ಹೋಗಿಲ್ಲ, ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಷ್ಟೇ. ಅಳಬೇಕೋ ಬೇಡವೋ ಎಂಬ ಪರೀಕ್ಷೆಯೂ ಮುಂದಕ್ಕೆ ಹೋಗುತ್ತಿತ್ತು.

ಮುಖ್ಯೋಪಾಧ್ಯಾಯಿನಿ ಮತ್ತೆ ಫೋನ್ ಮಾಡಿದರು. ಬೈಯಲಿಲ್ಲ, “ಅವಸರ ಇಲ್ರಿ” ಎಂದರು. ಆ ಮಾತಿಗೇ ನಾಚಿಕೆಯಾಗಿ ಮುಂದಿನ ಭಾನುವಾರ ಕಂಪ್ಯೂಟರಿನ ಡಬ್ಬಿಯನ್ನಷ್ಟೇ ಬಿಚ್ಚಿಕೊಂಡು ಖಾನಾಪುರಕ್ಕೆ ಹೊರಟೆ. ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಇಟ್ಟರೆ ಕಾರು ಬೆಲ್ಟ್, ಬೆಲ್ಟ್ ಎಂದು ಚೀರತೊಡಗಿತು. ಅದಕ್ಕೂ ಬೆಲ್ಟ್ ಹಾಕಿದೆ.

ಖಾನಾಪುರದಲ್ಲಿ ಝೆರಾಕ್ಸ್ ಮತ್ತು ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿರುವ ಹೆಣ್ಣುಮಗಳೊಬ್ಬಳು ನನ್ನ ಹೆಂಡತಿಯ ಗೆಳತಿ. ರೆಕಾರ್ಡ್ ಮಾಡುವುದನ್ನು ಇವಳಿಗೆ ಕಲಿಸಿದವಳೂ ಅವಳೇ. ಮರಾಠಿ ಗಿರಾಕಿಯೊಬ್ಬನನ್ನು ಮರಾಠಿಯಲ್ಲೇ ಗದರಿಸಿ ಕಳಿಸಿ, ನನ್ನ ಕಡೆ ತಿರುಗಿ, “ಬರ್ರಿ, ಕುಂದರ್ರಿ” ಎಂದಳು. ನಾನು ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಅವಳು ಅರ್ಧ ಕೇಳುತ್ತಲೇ ಡಬ್ಬಿಗೆ ತನ್ನ ಹೆಡ್‌ಫೋನ್ ಚುಚ್ಚಿ, ಕಿವಿಗೆ ಹಾಕಿಕೊಂಡು, ಫೈಲು ಒತ್ತಿದಳು. ನೋಡನೋಡುತ್ತಲೇ ಕಣ್ಣಲ್ಲಿ ನೀರು ತುಂಬಿ ಕೀಬೋರ್ಡಿನ ಮೇಲೆ ಬಿತ್ತು.

“ಬರ್ತದ ರೀ. ಖರೇನ ಛಂದ ಬರ್ತದ. ತಗೋರಿ, ನೀವೂ ಕೇಳ್ರಿ.” ಹೆಡ್‌ಫೋನ್ ನನ್ನತ್ತ ಚಾಚಿದಳು.

“ಮನ್ಯಾಗ ಕೇಳ್ತೀನ್ರಿ” ಎಂದೆ. ಅವಳು ನನ್ನನ್ನು ನೋಡಿದ ರೀತಿ ನೆನಪಿದೆ. ಬೇರೆಯವರ ಹೆಂಡತಿಗಾಗಿ ಅವಳು ಅಳುತ್ತಿದ್ದಳು, ಗಂಡ ಎನ್ನಿಸಿಕೊಂಡವನು ವೈರು ಸುತ್ತುತ್ತಿದ್ದ. ಹೊರಡುವಾಗ ಅವಳು, “ಕಂಪ್ಯೂಟರದ್ದೇನೂ ಇಲ್ರಿ, ಸ್ಪೀಕರ್ ನೋಡ್ರಿ” ಎಂದಳು.

ಅಲ್ಲಿಂದ ಬೀಡಿ ದೂರವೇನಲ್ಲ. ಮನೆಗೆ ಬೇಗ ಹೋಗಬೇಕೆನ್ನಿಸದೆ ಅಕ್ಕನ ಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿದಳು, ಹೆಸರುಕಾಳಿನ ಪಲ್ಯ ಬಡಿಸಿದಳು. ಉಣ್ಣುತ್ತ ಕಂಪ್ಯೂಟರಿನ ಕತೆಯನ್ನೆಲ್ಲ ಹೇಳಿದೆ. ಸುಮ್ಮನೆ ಹೇಳಿದೆ, ಅವಳಿಗೆ ಇದರ ತಲೆಬುಡ ತಿಳಿಯುತ್ತದೆಂದಲ್ಲ. ಅಕ್ಕನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು.

“ಸಪ್ಪಳ ಬರವಲ್ದು ಅಂದ್ರ… ಆ ಎರಡು ಕರೀ ಡಬ್ಬಿ ಅದಾವಲ್ಲ, ಅವೇನು?”

“ಹೂಂ.”

“ಅದರ ಹಿಂದಿನ ತಿರುಪು ನಾನs ತಿರುವೀನಿ ತಮ್ಮಾ. ಅಕಿನ್ನ ಮಣ್ಣಿಗೆ ಒಯ್ಯೂ ದಿವ್ಸ. ಮಂದಿ ಬಂದು ಕುಂತಿದ್ರು, ಅದು ಒಂದs ಸವನ ಟಿಣ್ ಟಿಣ್ ಅನ್ನಾಕತ್ತಿತ್ತು.”

ನೆನಪಾಯಿತು. ಇವಳು ಆ ಭಾನುವಾರ ಕಂಪ್ಯೂಟರ್ ಬಂದ್ ಮಾಡದೆ ಹೋಗಿ ಮಲಗಿದ್ದಳು. ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾರಿಗೂ ಅದರ ಪರಿವೆ ಇರಲಿಲ್ಲ. ಶಾಲೆಯವರ ಸಂತಾಪದ ಮೆಸೇಜುಗಳು ಅದಕ್ಕೂ ಬಂದು ಬೀಳುತ್ತಿದ್ದವು.

“ಬಂದ್ ಮಾಡಬೇಕಿಲ್ಲೇನು ಪೂರಾ?”

“ದೀಪ ಹತ್ತಿತ್ತಲ್ಲೋ ಅದಕ್ಕ. ಸತ್ತ ಮನ್ಯಾಗ ಹತ್ತಿದ ದೀಪ ಆರಿಸ್ತಾರೇನು? ದನಿ ಅಷ್ಟs ಕಡಿಮಿ ಮಾಡಿದೆ.”

“ನನಗರೆ ಹೇಳಬೇಕಿಲ್ಲೇನು ಅಕ್ಕಾ?”

“ಹೆಂಗ ಹೇಳ್ಲಿ? ನಮಗ ಸೂತಕ ಇಲ್ಲಂತ ನೀ ಬಾಗಲಾಗ ನಿಂತು ಊರಿಗೆಲ್ಲ ಹೇಳಾಕತ್ತಿದ್ದಿ. ನನಗೂ ಬೈತಿದ್ದಿ.”

ಬೈಯುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಲಿನಕ್ಸಿನ ಹೊಟ್ಟೆಯೊಳಗೆಲ್ಲ ಹುಡುಕಿದವನು ಸ್ಪೀಕರಿನ ಬೆನ್ನ ಮೇಲೆ ಕೈಯಾಡಿಸಿರಲಿಲ್ಲ. ನಗು ಬರಬೇಕಿತ್ತು. ಅಕ್ಕ ತಪ್ಪು ಮಾಡಿದವಳಂತೆ ಕೂತಿದ್ದಳು, ಆದ್ದರಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಡಬ್ಬಿ ಜೋಡಿಸಿದೆ. ಸ್ಪೀಕರಿನ ಹಿಂದೆ ಕೈ ಹಾಕಿದರೆ ಬೆರಳಿಗೆ ಒಂದು ತಿರುಪು ಸಿಕ್ಕಿತು. ಈಗ ನೆಪ ಉಳಿದಿರಲಿಲ್ಲ. ಅರ್ಧದವರೆಗೆ ತಿರುಗಿಸಿ, ಎಲ್ಲಕ್ಕಿಂತ ಕೊನೆಯ ಫೈಲನ್ನು, ಅದೇ ಭಾನುವಾರದ್ದನ್ನು, ಒತ್ತಿದೆ.

“ಮಕ್ಕಳೇ, ಎಲ್ಲರೂ ಪುಸ್ತಕ ತೆಗೆಯಿರಿ” ಎಂದಳು. ತುಂಬಿದ ದನಿ, ಹಿಂದಿನ ಬೆಂಚಿಗೂ ಮುಟ್ಟುವ ದನಿ. ನನಗೆ ಏನೂ ಆಗಲಿಲ್ಲ. ಕಾಯ್ದೆ. ಅವಳು ಪಾಠದ ಹೆಸರು ಹೇಳಿದಳು, ಮೊದಲ ಸಾಲು ಓದಿದಳು. ಏನೂ ಆಗಲಿಲ್ಲ. ಗೊತ್ತಾಯಿತಲ್ಲ ಎಂದುಕೊಂಡೆ, ನೀನು ಇಂಥವನು.

ಆಗ ದೂರದಿಂದ, ಪಡಸಾಲೆಯಿಂದ, ಒಂದು ಗಂಡು ದನಿ ಕೇಳಿಸಿತು. “ಏ, ದನಿ ಸಣ್ಣ ಮಾಡ ಸ್ವಲ್ಪ! ಟಿವಿ ಕೇಳವಲ್ದು!”

ಅದು ನಾನು.

“ಆತ್ರೀ” ಎಂದಳು ಅವಳು. ಬೇಸರವಿರಲಿಲ್ಲ ಅದರಲ್ಲಿ, ಪ್ರತಿ ಭಾನುವಾರ ಅಂದು ರೂಢಿಯಾದ ಮಾತಿನಂತಿತ್ತು. ಕುರ್ಚಿ ಮುಂದೆ ಸರಿದ ಸಪ್ಪಳವಾಯಿತು. ಉಳಿದ ಫೈಲುಗಳಲ್ಲಿ ಇಂಥ ತುಣುಕನ್ನು ಕತ್ತರಿಸಿ ತೆಗೆದು ಮಕ್ಕಳಿಗೆ ಕಳಿಸುತ್ತಿದ್ದಿರಬೇಕು. ಇದೊಂದಕ್ಕೆ ಅವಳಿಗೆ ಹೊತ್ತು ಸಿಕ್ಕಿರಲಿಲ್ಲ. “ಮಕ್ಕಳೇ, ಎಲ್ಲರೂ ಪುಸ್ತಕ ತೆಗೆಯಿರಿ” ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು, ಮೈಕಿಗೆ ಬಾಯಿ ಹತ್ತಿರ ತಂದು, ಪಿಸುಮಾತಿಗಿಂತ ಚೂರೇ ಮೇಲೆ.

ನಾನು ಸ್ಪೀಕರಿನ ಹಿಂದೆ ಕೈ ಹಾಕಿ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ. ಪರದೆಯ ಮೇಲಿನ ಪಟ್ಟಿಯನ್ನೂ ತುದಿಯವರೆಗೆ ಎಳೆದೆ. ಆದರೂ ಅವಳ ದನಿ ಸಣ್ಣದಾಗಿಯೇ ಬರುತ್ತಿತ್ತು. ಅದಕ್ಕಿಂತ ದೊಡ್ಡದು ಮಾಡಲು ಇನ್ನಾವ ದಾರಿಯೂ ಇರಲಿಲ್ಲ. ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೂತೆ, ಆ ಮಕ್ಕಳು ಕೂಡುತ್ತಿದ್ದ ಹಾಗೆ. ಆಗ ಅಳು ಬಂತು, ಪಾಠ ಮುಗಿದ ಮೇಲೂ ನಿಲ್ಲಲಿಲ್ಲ.